‘ಪಾಶ್’ ಅನ್ನುವವರು ಮೊದಲು ಟಿಕೆಟ್ ತೋರಿಸಿ

ಸರ್, ಷೋಕಿ, ಶ್ರೀಮಂತಿಕೆ ಅನ್ನುವ ಅರ್ಥದ ಇಂಗ್ಲಿಷ್ ಪದ ‘ಪಾಶ್’ (posh) ಅಂದ್ರೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ನ ಮೊದಲಕ್ಷರಗಳು ಅಂತ ಪೋಸ್ಟ್ ಹಾಕಿದ್ದೀರಲ್ಲ, ದಯವಿಟ್ಟು ತೆಗೆಯಿರಿ. ಸಾಹೇಬರು ಬಾಂಬೆಗೆ ಬರುವಾಗ ಹಡಗಿನ ಎಡಬದಿಯ ತಂಪು ಕ್ಯಾಬಿನ್, ವಾಪಸ್ ಹೋಗುವಾಗ ಬಲಬದಿಯದ್ದು ಹಿಡಿಯುತ್ತಿದ್ದರು, ಟಿಕೆಟ್ ಮೇಲೆ ಆ ನಾಲ್ಕು ಅಕ್ಷರ ಒತ್ತುತ್ತಿದ್ದರು ಅನ್ನುತ್ತಾರೆ. ಕತೆ ಚೆನ್ನಾಗಿದೆ, ಅದೇ ತೊಂದರೆ.

ನಾನೂ ಇದರಲ್ಲೇ ಬಿದ್ದವನು. ನಮ್ಮ ಬಡಾವಣೆಯ ಕ್ವಿಜ್‌ನಲ್ಲಿ ಇದನ್ನೇ ಕೇಳಿ, ಹತ್ತು ಅಂಕವನ್ನೂ ಕೊಟ್ಟುಬಿಟ್ಟೆ. ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, “ಅಂಥದ್ದೊಂದು ಟಿಕೆಟ್ ತೋರಿಸಪ್ಪಾ” ಅಂದರು. ಕೈಯಲ್ಲಿ ಮೈಕ್ ಇತ್ತು, ಬಾಯಲ್ಲಿ ಮಾತಿರಲಿಲ್ಲ. ಆಮೇಲೆ ಮೂರು ರಾತ್ರಿ ಹುಡುಕಿದೆ. ಆ ಹಡಗುಗಳನ್ನು ಓಡಿಸುತ್ತಿದ್ದ ಬ್ರಿಟಿಷ್ ಕಂಪನಿ ಪಿ ಅಂಡ್ ಓದ ಅಂಥ ಒಂದೇ ಒಂದು ಟಿಕೆಟ್ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಕತೆ ಅಚ್ಚಿನಲ್ಲಿ ಕಾಣುವುದೇ 1930ರ ದಶಕದಲ್ಲಿ.

ಈಗ ನಾನು ಕತೆ ಪಕ್ಕಕ್ಕಿಟ್ಟು ಮೊದಲ ಬಳಕೆ ಹುಡುಕುತ್ತೇನೆ. 1914ರಲ್ಲಿ ಬ್ರಿಟಿಷ್ ಸೈನ್ಯದ ಮೇಲೆ ಬಂದ ಪುಸ್ತಕವೊಂದರಲ್ಲಿ ಈ ಪದ ಇದೆ. ಅಶ್ವದಳದವರು ಸರ್ಕಾರಿ ಸಮವಸ್ತ್ರ ಬಿಟ್ಟು ಹಾಕಿಕೊಳ್ಳುತ್ತಿದ್ದ ಒಳ್ಳೆ ಬಟ್ಟೆಗೆ ಆ ಹೆಸರು. ಹಡಗಲ್ಲ, ಕುದುರೆ! ಇನ್ನೂ ಹಿಂದೆ ಹೋದರೆ, 1890ರ ಆಡುಮಾತಿನ ನಿಘಂಟಿನಲ್ಲಿ ‘ಪಾಶ್’ಗೆ ಕಾಸು, ಷೋಕಿಲಾಲ ಎಂಬ ಎರಡೂ ಅರ್ಥ. ಕಾಸಿನ ಅರ್ಥ ಯುರೋಪಿನ ರೋಮಾ (ಜಿಪ್ಸಿ) ಜನರ ರೋಮಾನಿ ಭಾಷೆಯ ‘ಅರ್ಧ’ ಎಂಬ ಪದದಿಂದ, ಅಂದರೆ ಅರ್ಧ ಪೆನ್ನಿಯಿಂದ ಬಂದಿರಬೇಕು ಅನ್ನುತ್ತಾರೆ. ರೋಮಾನಿಯ ಬೇರು ಭಾರತದಲ್ಲೇ ಇದೆ, ಗೊತ್ತಲ್ವಾ. ಹಾಗಂತ ನಾಳೆ ಇದನ್ನೂ ಫಾರ್ವರ್ಡ್ ಮಾಡಬೇಡಿ ಮತ್ತೆ. ಕಾಸಿನಿಂದ ಷೋಕಿಗೆ ಕೊಂಡಿ ಇನ್ನೂ ಕೂಡಿಲ್ಲ.

ಮೇಲಿನ ಕಾಮೆಂಟಿನಲ್ಲಿ ಮೇಡಂ ಒಬ್ಬರು ‘ಪಾಶ್’ ಬಂದದ್ದು ‘ಪೋಷಾಕು’ವಿನಿಂದ ಅಂದಿದ್ದಾರೆ. ಅದು ಪರ್ಷಿಯನ್, ಸರಿ. ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ.

ಪದದ ಮೊದಲ ಬಳಕೆ ನೀವೇ ಹುಡುಕುವುದಾದರೆ, ಗೂಗಲ್ ಬುಕ್ಸ್ ನಂಬುವಾಗ ಹುಷಾರು. ಪತ್ರಿಕೆಗಳಿಗೆ ಎಷ್ಟೋ ಸಲ ಮೊದಲ ಸಂಚಿಕೆಯ ವರ್ಷವನ್ನೇ ತೋರಿಸುತ್ತದೆ. ಸ್ಕ್ಯಾನ್‌ನಲ್ಲಿ ‘ಪುಶ್’ ಕೂಡ ‘ಪಾಶ್’ ಆಗಿಬಿಡುತ್ತದೆ. ಪುಟದ ಚಿತ್ರ ನೋಡದೆ ಬರೆದುಕೊಳ್ಳಬೇಡಿ. ಎಟಿಮ್‌ಆನ್‌ಲೈನ್ ಎಂಬ ಪದಮೂಲದ ಜಾಲತಾಣ ಶುರುವಿಗೆ ಸಾಕು, ನಿಘಂಟು ಮೆರಿಯಂ-ವೆಬ್‌ಸ್ಟರ್ ಮೊದಲ ಬಳಕೆಯ ವರ್ಷ ಕೊಡುತ್ತದೆ. ಪಾಕೆಟ್ ಡಿಕ್ಷನರಿ ಈ ಕೆಲಸಕ್ಕೆ ಸುಮ್ನೆ ದಂಡ. ಮೊದಲಕ್ಷರ ಜೋಡಿಸಿ ಮಾಡಿದ ಹಳೇ ಪದ ಅಂದರೆ ನಾನು ಕೂಡಲೇ ಅನುಮಾನಿಸುತ್ತೇನೆ. ‘ರಾಡಾರ್’ ಹಾಗೆ ಹುಟ್ಟಿದ್ದು ನಿಜ, ಅದು 1940ರ ಸುಮಾರಿನದು. ‘ನ್ಯೂಸ್’ ನಾಲ್ಕು ದಿಕ್ಕಿನ ಇಂಗ್ಲಿಷ್ ಹೆಸರುಗಳ ಮೊದಲಕ್ಷರದಿಂದ ಬಂದಿಲ್ಲ, ಅದನ್ನೂ ಬಿಡಿ.

ನಮ್ಮ ಕಡೆಯ ಗುಣವಾಚಕ ಇಂಗ್ಲಿಷಿಗೆ ಹೋದದ್ದೇ ಬೇಕಿದ್ದರೆ ‘ಪಕ್ಕಾ’ ಹಿಡಿಯಿರಿ. ಇಂಗ್ಲಿಷಿಗೆ ಹೋದ ನಮ್ಮ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್, ಪುಕ್ಕಟೆ ಸಿಗುತ್ತದೆ. ಅದರಲ್ಲಿ ‘ಕಚ್ಚಾ’ನೂ ಇದೆ.