ನರ್ಸಿಂಗ್ ಓದುವ ಹುಡುಗಿಯರೂ ಮುಟ್ಟಿನ ಮೈಲಿಗೆ ಯಾಕೆ ಪಾಲಿಸುತ್ತಾರೆ?

ನಿಮ್ಮ ತಂಗಿ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಎರಡನೇ ವರ್ಷ ಓದುತ್ತಿದ್ದಾಳೆ, ಆದರೂ ಊರಿಗೆ ಬಂದಾಗ ಮುಟ್ಟಾದರೆ ಹೊರಗೇ ಕೂರುತ್ತಾಳೆ, ಕಾಲೇಜಿನಲ್ಲಿ ಇದನ್ನೆಲ್ಲ ಹೇಳಿಕೊಡುವುದಿಲ್ಲವಾ ಅಂತ ಕೇಳಿದ್ದೀರಿ. ಹೇಳಿಕೊಡುತ್ತೇವೆ. ಚಿತ್ರದುರ್ಗದ ಕಡೆ ಇಂಥದ್ದೇ ಒಂದು ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ.

ಪಾಠದಲ್ಲಿ ನಮ್ಮ ಹುಡುಗಿಯರು ಗಟ್ಟಿ. ಚಕ್ರ 21ರಿಂದ 35 ದಿನ, ಸ್ರಾವ 2ರಿಂದ 7 ದಿನ, ಒಂದು ಮುಟ್ಟಿನಲ್ಲಿ 80 ಎಂಎಲ್‌ಗಿಂತ ಜಾಸ್ತಿ ರಕ್ತ ಹೋದರೆ ಅತಿಸ್ರಾವ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಹೆರಿಗೆ ವಾರ್ಡಿನಲ್ಲಿ ಬಾಣಂತಿಯ ಪ್ಯಾಡ್ ನೋಡಿ ಎಷ್ಟು ರಕ್ತ ಹೋಗಿದೆ ಅಂತ ಅಂದಾಜು ಮಾಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಆದರೆ ಹೊಸ ಬ್ಯಾಚಿನವರು ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ತೆಗೆದುಕೊಳ್ಳುತ್ತಾರಲ್ಲ, ಅವತ್ತು ಒಬ್ಬಳಾದರೂ ಹತ್ತಿರ ಬಂದು, "ಮೇಡಂ, ನಾನು ದೀಪ ಮುಟ್ಟೋ ಹಾಗಿಲ್ಲ" ಅಂತಾಳೆ.

ಅವಳಿಗೆ ಗೊತ್ತಿಲ್ಲ ಅಂತಲ್ಲ. ತಾನು ಮುಟ್ಟಿದ ಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅದು ತನ್ನ ತಲೆಗೇ ಬರುತ್ತೆ ಅನ್ನುವ ಭಯ. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ, ಅಂದರೆ ಕಾಡುಗೊಲ್ಲರು ಇರುವ ಊರುಗಳಲ್ಲಿ, ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕು ಅನ್ನುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿಂದ ಓದಲು ಬಂದವಳು ಇಡೀ ಹಟ್ಟಿಯನ್ನು ಒಬ್ಬಳೇ ಎದುರು ಹಾಕಿಕೊಳ್ಳಬೇಕು ಅಂದರೆ ಹೇಗೆ ಸಾಧ್ಯ, ಹೇಳಿ?

ಶುಚಿತ್ವದ ವಿಷಯದಲ್ಲಿ ಮಾತ್ರ ತಪ್ಪು ಕಾಲೇಜು, ಆಸ್ಪತ್ರೆ ನಡೆಸುವ ನಮ್ಮಂಥ ದೊಡ್ಡವರದೇ. 4ರಿಂದ 6 ಗಂಟೆಗೊಮ್ಮೆ ಪ್ಯಾಡ್ ಬದಲಿಸಿ ಅಂತ ಪಾಠ ಮಾಡುತ್ತೇವೆ. ಡ್ಯೂಟಿಗೆ ಕಳಿಸುವ ವಾರ್ಡಿನಲ್ಲಿ ಅವರಿಗೆ ಚಿಲಕ ಇರುವ ಒಂದು ಟಾಯ್ಲೆಟ್ ಇರುವುದಿಲ್ಲ. ಬಿಳಿ ಯೂನಿಫಾರ್ಮ್ ಕಲೆಯಾದೀತು ಅಂತ ಎರಡೆರಡು ಪ್ಯಾಡ್ ಇಟ್ಟುಕೊಂಡು, ನೀರೂ ಕುಡಿಯದೆ ಡ್ಯೂಟಿ ಮುಗಿಸುತ್ತಾರೆ. ತೊಡೆಸಂದಿ ಉಜ್ಜಿ ಹುಣ್ಣಾಗುತ್ತೆ, ಉರಿಮೂತ್ರ ಶುರುವಾಗುತ್ತೆ. ಬಟ್ಟೆ ಬಳಸುವವರು ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಬೇಕು ಅಂತ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಹಾಸ್ಟೆಲ್ಲಿನಲ್ಲಿ ಅದೇ ಬಟ್ಟೆ ಟವೆಲ್ಲಿನ ಅಡಿಯಲ್ಲಿ ಹಸಿಹಸಿಯಾಗಿ ನೇತಾಡುತ್ತಿರುತ್ತೆ. ಬಿಸಿಲು ಬೀಳುವ ಜಾಗವೆಲ್ಲ ರಸ್ತೆಗೆ ಕಾಣುತ್ತೆ, ಅವರಾದರೂ ಏನು ಮಾಡಬೇಕು? ನಾವು ಜಗಳವಾಡಿ ತಾರಸಿಯ ಒಂದು ಮೂಲೆಗೆ ಶೀಟಿನ ಮರೆ ಕಟ್ಟಿಸಿದೆವು. ಯಾರೂ ಭಾಷಣ ಮಾಡಲಿಲ್ಲ, ಬಟ್ಟೆಗಳು ತಾವಾಗಿ ಬಿಸಿಲಿಗೆ ಬಂದವು.

ಹಾಗಾಗಿ ತಂಗಿಗೆ ಬುದ್ಧಿ ಹೇಳಲು ಹೋಗಬೇಡಿ, ಅವಳಿಗೆ ನಿಮಗಿಂತ ಜಾಸ್ತಿ ಗೊತ್ತು. ಮಾತಾಡುವುದಿದ್ದರೆ ಅಮ್ಮ, ಅಜ್ಜಿಯ ಹತ್ತಿರ ಮಾತಾಡಿ, ಅದೂ ಅವಳು ಮುಟ್ಟಾಗಿಲ್ಲದ ದಿನ. ಮನೆಯಲ್ಲಿ ಏನಾದರೂ ಆದರೆ ಅವಳನ್ನು ದೂರಬಾರದು ಅಂತ ಮೊದಲೇ ಗಟ್ಟಿಯಾಗಿ ಹೇಳಿಬಿಡಿ. ಡ್ಯೂಟಿ ಮಧ್ಯೆ ಪ್ಯಾಡ್ ಬದಲಿಸಲು ಜಾಗ ಇದೆಯಾ ಅಂತಲೂ ಅವಳನ್ನು ಕೇಳಿ. ಇಲ್ಲ ಅಂದರೆ ಮನೆಯಿಂದಲೇ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯಿರಿ. ಹುಡುಗಿಯರು ಕೇಳಿದ್ದಕ್ಕಿಂತ ಪೋಷಕರು ಬರೆದದ್ದಕ್ಕೆ ಕೆಲಸ ಬೇಗ ಆಗುತ್ತೆ.