ಅಪ್‌ಡೇಟ್ ಬಂದಾಗ ಲ್ಯಾಪ್‌ಟಾಪ್ ನಿಂತೇಬಿಡುತ್ತದೆ

ಪ್ರತಿ ಅಪ್‌ಡೇಟ್‌ಗೂ ವಿಂಡೋಸ್ 11 ಲ್ಯಾಪ್‌ಟಾಪ್ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ ಅಂದಿರಲ್ಲ, ಕಾರಣ ಬಹುಶಃ ನಿಮ್ಮ ಹಳೇ ಹಾರ್ಡ್ ಡಿಸ್ಕ್. ಕಿವಿಗೊಟ್ಟರೆ ಕರಕರ ಸದ್ದು ಬರುತ್ತದೆ ಅಲ್ವಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಬಳಕೆ 100% ಇದ್ದು, ಮೇಲೆ 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್' ಕಂಡರೆ ಅಪ್‌ಡೇಟ್ ಇನ್ನೂ ನಡೆಯುತ್ತಿದೆ ಅಂತ ಅರ್ಥ. ದಯವಿಟ್ಟು ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಸ್ಲೀಪ್ ಆಫ್ ಮಾಡಿ, ಚಾರ್ಜರ್ ಹಾಕಿ, ರಾತ್ರಿಯಿಡೀ ಸುಮ್ನೆ ಬಿಟ್ಟುಬಿಡಿ. ಬೆಳಿಗ್ಗೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ. ಕೆಲಸ ಜಾಸ್ತಿ ಇರುವ ವಾರ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿದಿಡಿ (Pause).

ಮರುದಿನವೂ 100% ಇಳಿಯದಿದ್ದರೆ ಡಿಸ್ಕ್ ಕೆಡುತ್ತಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಫೋಟೊ, ಫೈಲ್‌ಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ಹೆಚ್ಚು ವೇಗದ ಡ್ರೈವ್) ಹಾಕಿಸಿ.