ಕ್ಯಾಮೆರಾ ಮರಳಿನ ತಟ್ಟೆಯ ಕಡೆಗಿರಲಿ
ಮೂರು ದಿನ ಊರಿಗೆ ಹೋಗುವಾಗ ಎರಡು ಬೆಕ್ಕುಗಳ ಮೇಲೆ ಕಣ್ಣಿಡಲು ಹಜಾರದಲ್ಲಿ ಒಂದು ಕ್ಯಾಮೆರಾ ಸಾಕೇ ಎಂದು ತಾವು ಕೇಳಿದ್ದೀರಿ. ಒಂದೇ ಇರುವುದಾದರೆ ಅದನ್ನು ಬೆಕ್ಕುಗಳು ಮಲಮೂತ್ರ ಮಾಡುವ ಮರಳಿನ ತಟ್ಟೆಯ ಕಡೆಗೆ ತಿರುಗಿಸಿಡುವುದು ಮೇಲು. ಏಕೆಂದರೆ ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ, ತಿಣುಕಿದರೂ ಮೂತ್ರ ಬಾರದೆ ಹಿಂದಿರುಗುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು, ಮತ್ತು ಅಂಥ ಬೆಕ್ಕನ್ನು ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯದಿದ್ದರೆ ಜೀವಕ್ಕೇ ಅಪಾಯ. ಊಟದ ಬಟ್ಟಲೂ ಅದೇ ಚಿತ್ರದಲ್ಲಿ ಕಾಣಲೆಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಡಿ, ಬೆಕ್ಕುಗಳಿಗೆ ಅದು ಹಿಡಿಸದು. ಕರೆಂಟು ಹೋದರೆ ರೌಟರ್ ನಿಂತು ಚಿತ್ರವೂ ನಿಲ್ಲುವುದರಿಂದ ಕ್ಯಾಮೆರಾ, ರೌಟರ್ ಎರಡನ್ನೂ ಇನ್ವರ್ಟರ್‌ಗೆ ಜೋಡಿಸಿರಿ. ಇಷ್ಟಾದರೂ ಕ್ಯಾಮೆರಾ ನೀರು ಬದಲಿಸುವುದಿಲ್ಲ. ನಂಬಿಕೆಯ ನೆರೆಯವರಿಗೆ ಕೀಲಿಕೈ ಕೊಟ್ಟು, ದಿನಕ್ಕೊಮ್ಮೆ ಬಂದುಹೋಗುವಂತೆ ಕೇಳಿಕೊಳ್ಳಿ, ಒಳಗೆ ಕ್ಯಾಮೆರಾ ಇರುವುದನ್ನು ಅವರಿಗೆ ಮೊದಲೇ ತಿಳಿಸಿ.